ಹಳದಿ ಕುರ್ಚಿ ಮತ್ತು ಹತ್ತು ಪ್ರಶ್ನೆ

ಎಲ್ಲಕ್ಕೂ ಕಾರಣ ಒಂದು ಹಳದಿ ಕುರ್ಚಿ. ಅದೂ ಎಂಥ ಕುರ್ಚಿ, ಕೂತವರಿಗಿಂತ ಮೊದಲು ಅದೇ ನರಳುವಂಥದ್ದು. ಒಂದು ಕಾಲಿಗೆ ಟೇಪು ಸುತ್ತಿತ್ತು, ಸೀಟಿನ ಹರುಕಿನಿಂದ ಹತ್ತಿ ಇಣುಕುತ್ತಿತ್ತು. ಫೆಬ್ರುವರಿಯ ಆ ಗುರುವಾರ ಬೆಳಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಅದು ಪಿಟ್ಸ್‌ಬರ್ಗಿನ ನಮ್ಮ ಗುಡ್ಡದ ಬೀದಿಯಲ್ಲಿ, ಮಿಸೆಸ್ ಸ್ಟಾಶಾ ವೊಯ್ನರ್ ಮನೆ ಮುಂದೆ, ಹಿಮ ಬಾಚಿ ಚೊಕ್ಕ ಮಾಡಿದ ಒಂದು ಕಾರಿನಷ್ಟು ಜಾಗದ ನಟ್ಟನಡುವೆ ಮಹಾರಾಣಿಯ ಹಾಗೆ ನಿಂತಿತ್ತು.

ಹಿಮ ಬಿದ್ದ ದಿನ ಬೀದಿಯಲ್ಲಿ ಕುರ್ಚಿ ಇಟ್ಟರೆ ಆ ಜಾಗ ಬಾಚಿದವರದ್ದು. ಇದು ನಮ್ಮಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಪೊಲೀಸರು ಮುಟ್ಟುವುದಿಲ್ಲ, ಪಾದ್ರಿಗಳು ಮುಟ್ಟುವುದಿಲ್ಲ. ಹೆಣ ಸಾಗಿಸುವ ಗಾಡಿಯವನು ಕೂಡ ಕುರ್ಚಿ ಕಂಡರೆ ಮುಂದಿನ ಬೀದಿಯಲ್ಲಿ ನಿಲ್ಲಿಸಿ, ಸತ್ತವರಿಗೆ ಇನ್ನೂ ಸ್ವಲ್ಪ ಹೊತ್ತು ಕಾಯಲು ಹೇಳಿ ಕಳಿಸುತ್ತಾನೆ. ಇಡೀ ಊರಿಗೆ ಗೊತ್ತಿದ್ದ ಈ ಸಂಗತಿ ಒಬ್ಬನಿಗೆ ಮಾತ್ರ ಗೊತ್ತಿರಲಿಲ್ಲ. ಅವನೇ ಡಾಕ್ಟರ್ ವೆಂಡೆಲ್ ಟ್ರಸ್ಕ್.

ವೆಂಡೆಲ್ ನೆಬ್ರಾಸ್ಕದ ಕಡೆಯವನು. ಅಲ್ಲಿ ನೆಲ ಎಷ್ಟು ಸಪಾಟೆಂದರೆ ಚೆಂಡು ಕೆಳಗಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಇಟ್ಟಲ್ಲೇ ಇರುತ್ತದಂತೆ. ಡಾಕ್ಟರ್ ಓದು ಮುಗಿಸಿ, ಕೈ ಪಳಗಲಿ ಎಂದು ನಮ್ಮೂರಿನ ಒಂದು ಆಸ್ಪತ್ರೆಗೆ ಬಂದು ಎಂಟು ತಿಂಗಳಾಗಿತ್ತು. ಬಂದಾಗ ಕುಂಬಳಕಾಯಿಯ ಹಾಗಿದ್ದವನು ಈಗ ಅದರ ಬಳ್ಳಿಯ ಹಾಗಾಗಿದ್ದ.

ಅವನಿಗೆ ಆ ತಿಂಗಳು ನಡೆಯುತ್ತಿದ್ದ ಪಾಠ ರೋಗದ್ದಲ್ಲ, ರೋಗಿಯ ಮನೆಯದ್ದು. ಮಾತ್ರೆ ಬರೆದುಕೊಟ್ಟು ಕೈ ತೊಳೆದುಕೊಂಡರೆ ಆಗಲಿಲ್ಲ. ಆ ಮಾತ್ರೆಗೆ ಮುಂಚೆ ಹೊಟ್ಟೆಗೆ ಏನಾದರೂ ಬಿತ್ತೋ ಇಲ್ಲವೋ, ಮನೆ ಬೆಚ್ಚಗಿದೆಯೋ, ಆಸ್ಪತ್ರೆಗೆ ಬರಲು ಗಾಡಿ ಇದೆಯೋ, ನಾಲ್ಕು ಮಾತಾಡಲು ಜನ ಇದ್ದಾರೋ, ಇವೆಲ್ಲ ಕೇಳಿ ತಿಳಿದು ಏನಾದರೊಂದು ದಾರಿ ಮಾಡಿಕೊಡಬೇಕು. ಇದಕ್ಕೆಂದೇ ಹತ್ತು ಪ್ರಶ್ನೆಗಳ ಒಂದು ಹಾಳೆ. ಕಲಿಸುವವರು ಡಾಕ್ಟರ್ ಸಲ್ಮಾ ಹದ್ದಾದ್ ಎಂಬ ಹೆಂಗಸು. ಕನ್ನಡಕದ ಮೇಲಿಂದ ನೋಡಿದರೆ ಎದುರಿಗಿದ್ದವರ ಬಿಪಿ ಅವರಿಗೇ ಕಾಣಿಸುತ್ತದೆ ಎನ್ನುತ್ತಾರೆ.

ಕಳೆದ ಸಲ ವೆಂಡೆಲ್ ಈ ಪಾಠದಲ್ಲಿ ಫೇಲಾಗಿದ್ದ. ಕೆಮ್ಮು ಎಂದು ಬಂದ ಮುದುಕನಿಗೆ ಹರಾಜು ಕೂಗುವವನ ಹಾಗೆ ಒಂದೇ ಉಸಿರಿಗೆ ಹತ್ತೂ ಪ್ರಶ್ನೆ ಕೇಳಿದ್ದ. ಆತ ಕೆಮ್ಮನ್ನೂ ಅಲ್ಲೇ ಬಿಟ್ಟು ಎದ್ದು ಹೋಗಿದ್ದ. ಈ ಸಲ ಡಾಕ್ಟರ್ ಹದ್ದಾದ್ ಕಡ್ಡಿ ಮುರಿದಂತೆ ಹೇಳಿದ್ದರು. ಗುರುವಾರ ಸಂಜೆ ಐದರೊಳಗೆ ಒಂದು ಮನೆಯ ಒಂದು ನಿಜವಾದ ಕೊರತೆ ಹುಡುಕಿ, ಅದಕ್ಕೆ ಪರಿಹಾರ ಮಾಡಿ, ಹಾಳೆ ತಂದು ಮೇಜಿನ ಮೇಲಿಡಬೇಕು. ಇಲ್ಲವಾದರೆ ಇದೇ ಪಾಠ ಇನ್ನೊಮ್ಮೆ, ಜೂನ್ ತಿಂಗಳು ಪೂರ್ತಿ.

ಜೂನಿನಲ್ಲಿ ವೆಂಡೆಲನ ಮದುವೆ. ಹುಡುಗಿ ಕೊರಿನ್, ಅವನ ಊರಿನವಳೇ. ಅವನ ಪರೀಕ್ಷೆಗಾಗಿ ಒಂದು ಸಲ ಆಗಲೇ ದಿನ ಮುಂದೆ ಹಾಕಿದ್ದಳು. ಇನ್ನೊಂದು ಸಲ ಮುಂದೆ ಹಾಕಿಸಿದರೆ ಬೇರೆ ಹುಡುಗಿಯನ್ನು ನೋಡಿಕೋ ಎಂದು ನಗುನಗುತ್ತ ಹೇಳಿದ್ದಳು. ಅಳುತ್ತ ಹೇಳಿದ್ದರೆ ಅವನಿಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಹೊರಡುವಾಗ ಡಾಕ್ಟರ್ ಹದ್ದಾದ್ ಎರಡು ಮಾತು ಹೇಳಿದ್ದರು. ಬಿಳಿ ಕೋಟು ಬೇಡ, ಜನ ಗಾಬರಿಯಾಗುತ್ತಾರೆ. ಯಾರ ಮನೆಗೆ, ಯಾಕೆ ಬಂದೆ ಎಂದು ಅಕ್ಕಪಕ್ಕದವರ ಹತ್ತಿರ ಬಾಯಿ ಬಿಡಬೇಡ, ರೋಗಿಯ ಗುಟ್ಟು ರೋಗಿಯದ್ದು. ವೆಂಡೆಲ್ ಈ ಎರಡು ಮಾತನ್ನೂ ದಾರಿಯುದ್ದಕ್ಕೂ ಜಪ ಮಾಡಿಕೊಂಡು ಬಂದ. ಹಿಂದಿನ ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದ್ದವನಿಗೆ ಜಪವೂ ಜೋಗುಳದ ಹಾಗೆ ಕೇಳಿಸುತ್ತಿತ್ತು.

ಮಿಸೆಸ್ ವೊಯ್ನರ್‌ಗೆ ಎಂಬತ್ತೊಂದು ವರ್ಷ. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಮೂರು ಸಲ ದಿನ ಕೊಟ್ಟರೂ ಆಸ್ಪತ್ರೆಗೆ ಬಂದಿರಲಿಲ್ಲ. ಏನೋ ದೊಡ್ಡ ಕೊರತೆ ಇದ್ದೇ ಇದೆ ಎಂದುಕೊಂಡ ವೆಂಡೆಲ್, ಮನೆ ಮುಂದೆ ಹಿಮದಲ್ಲಿ ನಿಂತ ಕುರ್ಚಿ ಕಂಡು ಕರಗಿಹೋದ. ಪಾಪ, ಮನೆಯ ಸಾಮಾನೇ ಬೀದಿಗೆ ಬಿದ್ದಿದೆಯಲ್ಲ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಂಡ. ಆಮೇಲೆ ಇಳಿದು, ಕುರ್ಚಿ ಎತ್ತಿ, ಪಕ್ಕದ ಹಿಮದ ಗುಡ್ಡೆಯ ಮೇಲಿಟ್ಟು, ಆ ಜಾಗದಲ್ಲಿ ಕಾರು ನಿಲ್ಲಿಸಿದ.

ಬೀದಿಯ ಅಷ್ಟೂ ಕಿಟಕಿಗಳ ಪರದೆ ಒಟ್ಟಿಗೆ ಅಲುಗಾಡಿತು.

ಮೊದಲು ಹೊರಗೆ ಬಂದವಳು ಎದುರು ಮನೆಯ ಲೊರೇನ್ ಟಿಬ್ಸ್. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವಳು. ಕನ್ನಡಿಯಲ್ಲಿ ಅವಳು ಒಮ್ಮೆ ನೋಡಿದರೆ ಹಿಂದಿನ ಸೀಟಿನವನ ಸಿಗರೇಟು ತಾನಾಗಿ ಆರುತ್ತಿತ್ತು. ಕೈಯಲ್ಲಿ ಹಿಮ ಬಾಚುವ ಸಲಿಕೆ ಹಿಡಿದು ಬಂದು ನಿಂತಳು.

"ಮರೀ, ಆ ಕಾರು ನಿಂದಾ?"

"ಹೌದು ಮೇಡಂ."

"ಯಾರ ಮನೆಗೆ ಬಂದಿದ್ದು?"

"ಹೇಳೋ ಹಾಗಿಲ್ಲ ಮೇಡಂ."

"ಏನ್ ಕೆಲ್ಸ?"

"ಅದನ್ನೂ ಹೇಳೋ ಹಾಗಿಲ್ಲ."

"ನಿನ್ ಹೆಸ್ರು?"

ವೆಂಡೆಲ್ ಯೋಚಿಸಿದ. ಹೆಸರು ಹೇಳಿದರೆ ಆಸ್ಪತ್ರೆ ಗೊತ್ತಾಗುತ್ತದೆ, ಆಸ್ಪತ್ರೆ ಗೊತ್ತಾದರೆ ರೋಗಿ ಗೊತ್ತಾಗುತ್ತದೆ. "ಹೇಳ್ದೇ ಇದ್ರೆ ವಾಸಿ ಅನ್ಸುತ್ತೆ" ಎಂದ.

"ಸ್ವಂತ ಹೆಸ್ರು ಎತ್ತೋಕೆ ಆಗ್ದೋನು ಕಂಡೋರ ಕುರ್ಚಿ ಹೆಂಗಪ್ಪ ಎತ್ತಿದೆ?" ಎಂದಳು ಲೊರೇನ್. "ಕುರ್ಚಿ ಎಲ್ಲಿತ್ತೋ ಅಲ್ಲಿಡು. ಕಾರು ತೆಗಿ."

ವೆಂಡೆಲ್ ಕಾರು ಹಿಂದಕ್ಕೆ ತೆಗೆದ. ಸಪಾಟು ನೆಲದಲ್ಲಿ ಕಲಿತ ಡ್ರೈವಿಂಗು, ಕೆಳಗೆ ಗಾಜಿನಂಥ ಮಂಜು, ಎಮ್ಮೆಯ ಬೆನ್ನಿನಂಥ ಇಳಿಜಾರು. ಕಾರು ಒಂದು ಸುತ್ತು ತಿರುಗಿ, ಹಿಂದು ಮುಂದಾಗಿ, ಮೆರವಣಿಗೆ ಹೊರಟ ಹಾಗೆ ನಿಧಾನವಾಗಿ ಗುಡ್ಡ ಇಳಿಯಿತು. ವೆಂಡೆಲ್ ಸ್ಟಿಯರಿಂಗ್ ಹಿಡಿದು ಕಿಟಕಿಯಿಂದ ಎಲ್ಲರಿಗೂ ಸಾರಿ ಸಾರಿ ಎನ್ನುತ್ತ ಹೋದ. ಕೊನೆಗೆ ಕಾರ್ಮೈನ್ ಡೆಲ್ಲೂಪೊನ ಕಸದ ಡಬ್ಬಗಳನ್ನು ಉರುಳಿಸಿ, ಹಿಮದ ರಾಶಿಯೊಳಗೆ ಬಾಗಿಲವರೆಗೆ ಹೂತು ನಿಂತಿತು.

ಕಾರ್ಮೈನ್ ಮೊದಲು ಮಾಂಸದ ಅಂಗಡಿ ಇಟ್ಟಿದ್ದವನು. ವೆಂಡೆಲನನ್ನು ಕಾಲರು ಹಿಡಿದು, ಕೊಕ್ಕೆಯಿಂದ ಕುರಿ ಇಳಿಸುವ ಹಾಗೆ ಕಾರಿನಿಂದ ಇಳಿಸಿದ. ಇಳಿಸಿದವನ ಕಣ್ಣು ಎರಡು ವಸ್ತುವಿನ ಮೇಲೆ ಬಿತ್ತು. ಒಂದು, ಹುಡುಗನ ಪಾಲಿಶ್ ಹಾಕಿದ ಬೂಟು. ಇನ್ನೊಂದು, ಕಂಕುಳಲ್ಲಿದ್ದ ಕಾಗದದ ಫೈಲು.

ಕಾರ್ಮೈನ್‌ಗೆ ಅಷ್ಟೇ ಸಾಕಾಯಿತು. ಹೋದ ಅಕ್ಟೋಬರಿನಲ್ಲಿ ಇಂಥದೇ ಬೂಟು, ಇಂಥದೇ ಫೈಲಿನ ಒಬ್ಬ ಬಂದಿದ್ದ. ಸ್ಟಾಶಾಳ ಅಡುಗೆಮನೆಯಲ್ಲಿ ಕೂತು, ಒಬ್ಬರೇ ಇರುತ್ತೀರಾ, ಮನೆ ಬೆಚ್ಚಗಿರುತ್ತಾ, ಬಿಲ್ಲು ಕಟ್ಟಲು ಕಷ್ಟವಾ ಎಂದೆಲ್ಲ ಬೆಣ್ಣೆ ಮಾತು ಕೇಳಿ, ಮನೆ ಮಾರಾಟದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ತನಕ ಹೋಗಿದ್ದ. ಲೊರೇನ್ ಸಕ್ಕರೆ ಕೇಳಲು ಹೋಗದಿದ್ದರೆ ಇವತ್ತು ಸ್ಟಾಶಾ ಬೀದಿಯಲ್ಲಿರುತ್ತಿದ್ದಳು. ಆವತ್ತಿನಿಂದ ನಮ್ಮ ಬೀದಿಯಲ್ಲಿ ಪಾಲಿಶ್ ಬೂಟಿನವರನ್ನು ಕಂಡರೆ ನಾಯಿಗಳೂ ಎದ್ದು ನಿಲ್ಲುತ್ತವೆ.

ವೆಂಡೆಲ್ ಎಲ್ಲಿಗೆ ಹೋಗುತ್ತಾನೋ ನೋಡಿಯೇ ಬಿಡೋಣ ಎಂದು ಕಾರ್ಮೈನ್ ಅವನನ್ನು ಬಿಟ್ಟ. ಅವನು ನೇರ ಹೋಗಿ ಸ್ಟಾಶಾಳ ಬಾಗಿಲು ತಟ್ಟಿದ. ಹಿಂದೆ ಎಡಕ್ಕೆ ಲೊರೇನ್, ಬಲಕ್ಕೆ ಕಾರ್ಮೈನ್, ಮದುಮಗನ ಅಕ್ಕಪಕ್ಕ ನಿಂತ ಹಾಗೆ ನಿಂತರು.

ಬಾಗಿಲ ಸರಪಳಿ ತೆಗೆಯದೆಯೇ ಸ್ಟಾಶಾ ಇಣುಕಿದಳು. ವೆಂಡೆಲ್ ಹಿಂದೆ ತಿರುಗಿ, ನೀವಿಬ್ಬರೂ ಸ್ವಲ್ಪ ದೂರ ಹೋಗುತ್ತೀರಾ ಎಂದು ಕೇಳಿದ. ಇಬ್ಬರೂ ಒಂದು ಹೆಜ್ಜೆ ಹತ್ತಿರ ಬಂದರು.

"ಯಾರಪ್ಪ ನೀನು?" ಸ್ಟಾಶಾ ಕೇಳಿದಳು.

"ಯಾರು ಅಂತ ಒಳಗೆ ಬಂದ್ಮೇಲೆ ಹೇಳ್ತೀನಿ, ಮಿಸೆಸ್ ವೊಯ್ನರ್. ಮನೇಲಿ ಒಬ್ರೇ ಇರ್ತೀರಾ?"

ಕಾರ್ಮೈನ್ ಅಂಗಿಯ ತೋಳು ಮೇಲೇರಿಸಿದ. ಆದರೆ ಸ್ಟಾಶಾ ಅವನನ್ನು ತಡೆದಳು. ಹುಡುಗನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ಅವಳು ನೋಡಿದ್ದಳು. ಹೊರಗೆ ನಿಲ್ಲಿಸಿದರೆ ಕಳ್ಳ ಸತ್ತು ಪಾಪ ನಮಗೆ ಸುತ್ತಿಕೊಳ್ಳುತ್ತೆ, ಒಳಗೆ ಕೂರಿಸಿ ಎಂದಳು. ಹೇಗೂ ಹತ್ತು ಗಂಟೆಗೆ ನನ್ನನ್ನು ನೋಡಲು ಆಸ್ಪತ್ರೆಯಿಂದ ದೊಡ್ಡ ಡಾಕ್ಟರು ಬರುತ್ತಾರೆ, ಓದಿದವರು, ಇವನನ್ನು ಏನು ಮಾಡಬೇಕು ಎಂದು ಅವರೇ ಹೇಳಲಿ ಎಂದಳು. ಆ ಡಾಕ್ಟರ ಕಾರಿಗೆಂದೇ ಕಾರ್ಮೈನ್ ಬೆಳಗ್ಗೆ ಆರಕ್ಕೆ ಎದ್ದು ಹಿಮ ಬಾಚಿದ್ದ. ಸ್ಟಾಶಾ ಮನೆಯ ಕುರ್ಚಿ ಹೊರಗಿಟ್ಟು ಆಗಿನಿಂದ ನಿಂತೇ ಕಾಫಿ ಕುಡಿದಿದ್ದಳು.

ವೆಂಡೆಲನ ಬಾಯಿ ತೆರೆಯಿತು. ರೋಗಿಯೇ ತನ್ನ ಗುಟ್ಟನ್ನು ಬೀದಿಗೆ ಹೇಳಿಕೊಂಡ ಮೇಲೆ ತಾನೇಕೆ ಬಾಯಿ ಕಟ್ಟಿಕೊಂಡಿರಬೇಕು?

"ಆ ಡಾಕ್ಟ್ರು ನಾನೇ" ಎಂದ.

ಲೊರೇನ್ ನಕ್ಕ ರಭಸಕ್ಕೆ ಕಿಟಕಿಯ ಮಂಜು ಉದುರಿತು. "ನೋಡ್ರಪ್ಪ, ಹತ್ತು ನಿಮಿಷದ ಹಿಂದೆ ಹೆಸ್ರಿರ್ಲಿಲ್ಲ. ಈಗ ಡಾಕ್ಟ್ರಾಗ್ಬಿಟ್ಟ. ಊಟದ ಹೊತ್ತಿಗೆ ಮೇಯರ್ ಆಗ್ತಾನೆ."

ವೆಂಡೆಲ್ ಜೇಬಿನಿಂದ ಆಸ್ಪತ್ರೆಯ ಗುರುತಿನ ಚೀಟಿ ತೆಗೆದು ತೋರಿಸಿದ. ಮೂವರೂ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಫೋಟೋದಲ್ಲಿದ್ದವನಿಗೆ ಎರಡು ಕೆನ್ನೆ ಇದ್ದವು, ಎದುರಿಗಿದ್ದವನಿಗೆ ಒಂದೂ ಇರಲಿಲ್ಲ. ಕಾರ್ಮೈನ್ ಫೋಟೋವನ್ನು ಅವನ ಮುಖದ ಪಕ್ಕ ಹಿಡಿದು, "ಈ ದುಂಡು ಡಾಕ್ಟ್ರನ್ನ ಏನ್ ಮಾಡ್ದೆ ಹೇಳು" ಎಂದು ಕೇಳಿದ.

ಬೇಕಾದರೆ ಪರೀಕ್ಷೆ ಮಾಡಿ ಎಂದ ವೆಂಡೆಲ್. ಕಾರ್ಮೈನನ ಕಾಲು ನೋಡಿ, ಪಾದ ಊದಿದೆ, ಉಪ್ಪು ಕಡಿಮೆ ಮಾಡಬೇಕು ಎಂದ.

"ಇದನ್ನ ನನ್ ಹೆಂಡ್ತಿನೂ ದಿನಾ ಹೇಳ್ತಾಳೆ. ಅವ್ಳೇನು ಡಾಕ್ಟ್ರಾ?"

ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಎಂದು ವೆಂಡೆಲ್ ಬೇಡಿಕೊಂಡ. ಅವನ ಫೋನು ಚಳಿಗೆ ಕಣ್ಣು ಮುಚ್ಚಿತ್ತು. ಸ್ಟಾಶಾ ಗೋಡೆಯ ಫೋನಿನಿಂದ ಮಾಡಿದಳು. ನಿಮ್ಮ ಮುಂದೆ ಮೂವತ್ತೆಂಟು ಜನ ಇದ್ದಾರೆ ಎಂದು ಒಂದು ಯಂತ್ರ ಹೇಳಿ ಪಿಟೀಲು ಬಾರಿಸತೊಡಗಿತು. ರಿಸೀವರನ್ನು ಬ್ರೆಡ್ಡಿನ ಡಬ್ಬದ ಮೇಲಿಟ್ಟು ಎಲ್ಲರೂ ಕಾಯುತ್ತ ಕೂತರು.

ಹನ್ನೊಂದಾಯಿತು, ಹನ್ನೆರಡಾಯಿತು. ಡಾಕ್ಟರು ಬರಲಿಲ್ಲ. ಸ್ಟಾಶಾಗೆ ಕೋಪ ಬಂತು. ನಾವು ಹೋಗದಿದ್ದರೆ ಫೋನಿನ ಮೇಲೆ ಫೋನು ಮಾಡುತ್ತಾರೆ, ತಾವು ಬಾರದಿದ್ದರೆ ಹೇಳುವವರಿಲ್ಲ ಕೇಳುವವರಿಲ್ಲ ಎಂದು ಡಾಕ್ಟರನ್ನು ಡಾಕ್ಟರ ಎದುರಿಗೇ ಬೈದಳು. ಬೈಯುತ್ತಲೇ, ಡಾಕ್ಟರಿಗೆಂದು ಮಾಡಿಟ್ಟಿದ್ದ ಪಿರೋಗಿಗಳನ್ನು ಈರುಳ್ಳಿಯ ಜೊತೆ ಬೆಣ್ಣೆಯಲ್ಲಿ ಹುರಿದು ಕಳ್ಳನ ತಟ್ಟೆಗೆ ಹಾಕಿದಳು. ಆಲೂಗಡ್ಡೆ ತುಂಬಿದ ಕಡುಬು ಅವು, ಒಂದೊಂದೂ ಚಪ್ಪಲಿಯಷ್ಟು. ವೆಂಡೆಲ್ ಹತ್ತೊಂಬತ್ತು ತಿಂದ. ಇಪ್ಪತ್ತನೆಯದನ್ನು ಕಾರ್ಮೈನ್ ಕಸಿದುಕೊಂಡ.

ಆ ಹೊತ್ತಿಗೆ ಲೊರೇನ್ ಫೈಲು ಬಿಚ್ಚಿ ಪ್ರಶ್ನೆಗಳ ಒಂದು ಹಾಳೆ ತೆಗೆದಿದ್ದಳು. ನೋಡೋಣ, ಕೇಳುವವನು ತಾನು ಏನು ಹೇಳುತ್ತಾನೆ ಎಂದು ಪೆನ್ನು ಹಿಡಿದು, ಬಸ್ ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದಿದಳು.

"ಮನೇಲಿ ಈ ವಾರಕ್ಕೆ ಸಾಕಾಗೋಷ್ಟು ಆಹಾರ ಇದೆಯಾ?"

ವೆಂಡೆಲ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅರ್ಧ ನಿಂಬೆಹಣ್ಣಿದೆ. ಸಾಸಿವೆ ಬಾಟ್ಲಿ ಇದೆ" ಎಂದ.

ಸ್ಟಾಶಾ ಸೌಟು ಕೆಳಗಿಟ್ಟಳು.

ಮನೆ ಬೆಚ್ಚಗಿದೆಯಾ? ಹೀಟರು ಕೆಟ್ಟು ಮೂರು ವಾರ, ಮನೆ ಮಾಲೀಕ ಫೋನೆತ್ತುತ್ತಿಲ್ಲ. ಓಡಾಡಲು ಗಾಡಿ? ಕಾರ್ಮೈನನ ಕಸದ ಡಬ್ಬದ ಪಕ್ಕ ಹೂತಿದೆ. ನಿದ್ದೆ? ನಿನ್ನೆ ಬೆಳಗ್ಗೆ ಎದ್ದದ್ದು. ವಾರಕ್ಕೆ ಎಷ್ಟು ಸಲ ಬೇಕಾದವರ ಹತ್ತಿರ ಮಾತಾಡುತ್ತೀರಿ? ಭಾನುವಾರ ಒಂದು ಸಲ, ಹನ್ನೆರಡು ನಿಮಿಷ. ಕೊನೆಯ ಸಾಲಿನಲ್ಲಿ, ತುರ್ತಿಗೆ ಯಾರಿಗೆ ತಿಳಿಸಬೇಕು ಎಂದಿತ್ತು. ಕೊರಿನ್‌ಳ ಹೆಸರು, ನಂಬರು ಹೇಳಿದ. ಜೂನಿನ ಮದುವೆಯ ಕತೆಯನ್ನೂ, ಐದು ಗಂಟೆಯ ಕತೆಯನ್ನೂ ಹೇಳಿದ. ಹೇಳುತ್ತ ಹೇಳುತ್ತ ಅಡುಗೆಮನೆಯ ಬಿಸಿಗೆ ಕಣ್ಣೆಳೆದು, ಮೇಜಿನ ಮೇಲೆ ಕೆನ್ನೆ ಇಟ್ಟು, ಗೊರಕೆಗೆ ಶುರುವಿಟ್ಟುಕೊಂಡ.

"ಮೋಸಗಾರ ಅಲ್ಲ ಇವ್ನು" ಎಂದಳು ಲೊರೇನ್. "ಮೋಸಗಾರ್ರು ಹೊಟ್ಟೆ ತುಂಬ ಉಂಡಿರ್ತಾರೆ."

ಮೂರು ಗಂಟೆಗೆ ಬ್ರೆಡ್ಡಿನ ಡಬ್ಬದ ಮೇಲಿನ ಫೋನು ಮನುಷ್ಯರ ದನಿಯಲ್ಲಿ ಮಾತಾಡಿತು. ಡಾಕ್ಟರ್ ಟ್ರಸ್ಕ್ ಅಂದರೆ ತೆಳ್ಳಗೆ, ಗಾಬರಿ ಮುಖ, ಕಂದು ಕೋಟು, ಅವರೇ ಎಂದಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಮೈನ್ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಒಂದು ದಿಂಬು ತಂದು ಡಾಕ್ಟರ ಕೆನ್ನೆಯ ಕೆಳಗಿಟ್ಟ.

ವೆಂಡೆಲ್ ಎದ್ದಾಗ ನಾಲ್ಕೂವರೆ. ಗಡಿಯಾರ ನೋಡಿದವನು ಹಾವು ತುಳಿದವನ ಹಾಗೆ ನೆಗೆದ. ಅರ್ಧ ಗಂಟೆಯೊಳಗೆ ಸ್ಟಾಶಾಳ ಒಂದು ಕೊರತೆ ಬೇಕು. ಫೈಲಿನಿಂದ ಅಂಥದೇ ಇನ್ನೊಂದು ಹಾಳೆ ತೆಗೆದು ಪ್ರಶ್ನೆಗಳನ್ನು ಓಡೋಡುತ್ತ ಕೇಳಿದ. ಅವಳ ಮನೆ ಬೆಚ್ಚಗಿತ್ತು. ಫ್ರಿಜ್ಜಿನಲ್ಲಿ ಒಂದು ಪಟಾಲಮ್ಮಿಗೆ ಆಗುವಷ್ಟು ಎಲೆಕೋಸಿನ ಸಾರಿತ್ತು. ಗಾಡಿಗೆ ಲೊರೇನ್ ಇದ್ದಳು. ಮಾತಿಗೆ ಇಡೀ ಬೀದಿ ಇತ್ತು, ಬೇಡವೆಂದರೂ ಇತ್ತು. ಹತ್ತಕ್ಕೆ ಹತ್ತೂ ಸೊನ್ನೆ. ವೆಂಡೆಲ್ ಹಾಳೆ ಕೆಳಗಿಟ್ಟ. ಜೂನ್ ಹೋಯಿತು, ಕೊರಿನ್ ಹೋದಳು ಎಂದುಕೊಂಡು, ಹಾಳೆಯಲ್ಲಿ ಇಲ್ಲದ ಒಂದು ಮಾತು ಕೇಳಿದ.

"ಎಲ್ಲಾ ಇದ್ದೂ ಮೂರು ಸಲ ಯಾಕಮ್ಮ ಬರ್ಲಿಲ್ಲ?"

"ಯಾರೂ ಇದನ್ನ ಕೇಳೇ ಇಲ್ಲ ನೋಡಪ್ಪ" ಎಂದಳು ಸ್ಟಾಶಾ. "ನೀವು ಕೊಡೋದು ಬರೀ ಮಂಗಳವಾರ. ಮಂಗಳವಾರ ಚರ್ಚಿನ ನೆಲಮಾಳಿಗೇಲಿ ನಮ್ಮ ಪಿರೋಗಿ ಮಡಚೋ ದಿನ. ಲೆಂಟಿನ ಉಪವಾಸ ಬರ್ತಿದೆ, ಜನ ಮಾಂಸ ಬಿಟ್ಟು ಇದನ್ನೇ ತಿನ್ನೋದು, ಎಂಟು ಸಾವಿರ ಮಡಚ್ಬೇಕು. ನಾನು ಬರ್ದೇ ಇದ್ರೆ ಆ ಬರ್ನಿಸ್ ಅಂಚು ಒತ್ತೋಕೆ ಕೂರ್ತಾಳೆ. ಅವ್ಳು ಒತ್ತಿದ್ದು ಕುದಿಯೋ ನೀರಲ್ಲಿ ಬಾಯಿ ಬಿಡುತ್ತೆ. ಸಕ್ಕರೆ ಕಾಯಿಲೆಗೆ ನಾನೊಬ್ಳೇ ಸಾಯ್ತೀನಿ, ಬರ್ನಿಸ್ ಕೈಗೆ ಕೊಟ್ರೆ ಚರ್ಚಿನ ಮಾನವೇ ಹೋಗುತ್ತೆ."

ವೆಂಡೆಲ್ ಹಾಳೆ ಮತ್ತೆ ಎತ್ತಿಕೊಂಡು ಬರೆದ. ಕೊರತೆ, ಮಂಗಳವಾರ. ಪರಿಹಾರ, ಗುರುವಾರ.

ಆಮೇಲೆ ಹಳದಿ ಕುರ್ಚಿ ಬೀದಿ ದಾಟಿ ಲೊರೇನ್ ಕಾರಿನ ಜಾಗದಲ್ಲಿ ಕೂತಿತು. ಲೊರೇನ್ ಸ್ಟಿಯರಿಂಗಿನಲ್ಲಿ, ಸ್ಟಾಶಾ ಮುಂದೆ, ಕಾರ್ಮೈನ್ ಮತ್ತು ವೆಂಡೆಲ್ ಹಿಂದೆ ಸಾರಿನ ಪಾತ್ರೆ ಹಿಡಿದು ಕೂತರು. ಬಸ್ಸು ಓಡಿಸಿದ ಕೈ. ಆ ಮಂಜಿನಲ್ಲಿ ಹನ್ನೊಂದು ನಿಮಿಷಕ್ಕೆ ಆಸ್ಪತ್ರೆ ಮುಟ್ಟಿಸಿದಳು, ಒಂದು ಹನಿ ಸಾರು ಚೆಲ್ಲಲಿಲ್ಲ. ನಾಲ್ಕು ಐವತ್ತೇಳಕ್ಕೆ ನಾಲ್ವರೂ ಡಾಕ್ಟರ್ ಹದ್ದಾದ್ ಮುಂದೆ ನಿಂತಿದ್ದರು.

ಡಾಕ್ಟರ್ ಹದ್ದಾದ್ ಸ್ಟಾಶಾಳ ಹಾಳೆ ಎರಡು ಸಲ ಓದಿದರು. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕರು. ಗಾಡಿ ಕಳಿಸಬೇಕೋ, ದಿನಸಿ ಕಳಿಸಬೇಕೋ ಎಂದು ನಾವು ಮೂರು ಮೀಟಿಂಗ್ ಮಾಡಿದ್ದೆವು, ಮಂಗಳವಾರ ಎಂದು ಯಾರಿಗೂ ಹೊಳೆಯಲಿಲ್ಲ ಎಂದರು. ವೆಂಡೆಲ್ ಪಾಸು, ಜೂನ್ ಅವನದ್ದೇ ಎಂದರು. ಅವನಿಗೆ ಅಲ್ಲೇ ಕುಣಿಯಬೇಕೆನಿಸಿತು, ಹತ್ತೊಂಬತ್ತು ಪಿರೋಗಿ ಬಿಡಲಿಲ್ಲ.

"ಇದು ಯಾರದ್ದು?" ಡಾಕ್ಟರ್ ಹದ್ದಾದ್ ಹಾಳೆ ತಿರುಗಿಸಿದರು. ಅದರ ಹಿಂದೆ ಇನ್ನೊಂದು ಹಾಳೆ ಅಂಟಿತ್ತು, ದಪ್ಪ ಅಕ್ಷರದಲ್ಲಿ. "ಊಟ ಇಲ್ಲ, ಬೆಚ್ಚಗಿಲ್ಲ, ನಿದ್ದೆ ಇಲ್ಲ, ಜನ ಇಲ್ಲ. ಹತ್ತಕ್ಕೆ ಹತ್ತು. ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಈ ಮನುಷ್ಯ ಬದುಕಿದ್ದಾನಾ?"

ಮೂವರೂ ವೆಂಡೆಲ್ ಕಡೆ ನೋಡಿದರು.

ಚಿಂತೆ ಬೇಡ, ಎಲ್ಲ ಏರ್ಪಾಡಾಗಿದೆ ಎಂದಳು ಲೊರೇನ್. ಹೀಟರು ಕಾರ್ಮೈನ್ ರಿಪೇರಿ ಮಾಡುತ್ತಾನೆ, ಕಾರನ್ನು ನಾಳೆ ಅಗೆದು ತೆಗೆಯುತ್ತಾನೆ. ಪ್ರತಿ ಗುರುವಾರ ಸ್ಟಾಶಾಳ ಮನೆಯಲ್ಲಿ ಊಟ, ಕಟ್ಟಿಕೊಂಡು ಹೋಗಲು ಬೇರೆ.

"ಕಡೇ ಸಾಲು ಇತ್ತಲ್ಲ, ಯಾರಿಗೆ ತಿಳಿಸ್ಬೇಕು ಅಂತ" ಎಂದಳು ಸ್ಟಾಶಾ. "ನೀನು ಮಲಗಿದ್ದಾಗ ಅವ್ರಿಗೂ ತಿಳಿಸ್ದೆ. ಒಳ್ಳೆ ಹುಡ್ಗಿ ಕಣಪ್ಪ ಕೊರಿನ್. ಒಂದು ಗಂಟೆ ಮಾತಾಡಿದ್ವಿ. ನೀನು ಅವ್ಳ ಹತ್ರ ಎಲ್ಲಾ ಚೆನ್ನಾಗಿದೆ ಅಂತಿದ್ಯಂತೆ. ಅರ್ಧ ನಿಂಬೆಹಣ್ಣಿನ ವಿಷ್ಯ ಕೇಳಿ ಅತ್ಬಿಟ್ಳು."

ವೆಂಡೆಲ್ ಮೇಜಿನ ಮೇಲಿದ್ದ ಫೋನಿಗೆ ಕೈ ಚಾಚಿದ.

"ಆಮೇಲೆ ಇಬ್ರೂ ಕೂತು ಯೋಚ್ನೆ ಮಾಡಿದ್ವಿ. ಇಂಥ ಒಣ ಮೀನನ್ನ ಮದ್ವೆ ಸೂಟಿಗೆ ತುಂಬ್ಸಿ ನಿಲ್ಸಿದ್ರೆ ನೆಂಟ್ರು ಹೆಣ್ಣಿನ ಕಡೆಯೋರನ್ನ ಏನಂದಾರು? ಮೊದ್ಲು ಮೈ ತುಂಬ್ಲಿ. ಇಪ್ಪತ್ತು ಪೌಂಡ್ ಏರಿದ್ಮೇಲೆ ಸೆಪ್ಟೆಂಬರಲ್ಲಿ ಮದ್ವೆ. ಅವ್ಳೇ ಒಪ್ಪಿ ದಿನ ಬದಲಾಯಿಸಿದ್ಳು. ನಮ್ಮೂರ ಮದ್ವೇಲಿ ನೆಂಟ್ರಿಗೆ ಇಡೋ ಬಿಸ್ಕತ್ತಿನ ಮೇಜು ನಮ್ಮ ಚರ್ಚಿನೋರ್ದು. ಬರ್ನಿಸ್ ಮುಟ್ಟಲ್ಲ, ಹೆದ್ರಬೇಡ."

ಡಾಕ್ಟರ್ ಹದ್ದಾದ್ ಕನ್ನಡಕ ಸರಿಮಾಡಿಕೊಂಡು ಕ್ಯಾಲೆಂಡರ್ ಎಳೆದುಕೊಂಡರು.

"ಅಂದ್ರೆ ಜೂನ್ ಖಾಲಿ" ಎಂದರು. "ಒಳ್ಳೇದೇ ಆಯ್ತು. ಹೊಸ ಡಾಕ್ಟ್ರುಗಳಿಗೆ ಆ ಗುಡ್ಡ ತೋರ್ಸೋಕೆ ಒಬ್ರು ಬೇಕಾಗಿತ್ತು."

ಜೂನಿನ ಎರಡನೇ ಗುರುವಾರ. ಊರಿಗೆ ಮದುವೆಗೆಂದು ಹೊರಡಬೇಕಾಗಿದ್ದ ದಿನ. ವೆಂಡೆಲ್ ಮೂವರು ಹೊಸಬರನ್ನು ಕಾರಿನಲ್ಲಿ ತುಂಬಿಕೊಂಡು ಗುಡ್ಡ ಹತ್ತಿದ. ಇಪ್ಪತ್ತು ಪೌಂಡ್ ಎಂದಿದ್ದು ಮೂವತ್ತೈದಾಗಿತ್ತು, ಎರಡು ಕೆನ್ನೆಯೂ ಮರಳಿ ಬಂದಿದ್ದವು. ಹಿಮ ಕರಗಿ ಎಷ್ಟೋ ದಿನವಾದರೂ ಹಳದಿ ಕುರ್ಚಿ ಗುರುವಾರ ಗುರುವಾರ ತನ್ನ ಜಾಗ ಬಿಡುತ್ತಿರಲಿಲ್ಲ. ಬಿಸಿಲಿನಲ್ಲಿ ಮಹಾರಾಣಿಯ ಹಾಗೇ ನಿಂತಿತ್ತು.

ಈ ಬೀದಿಯಲ್ಲಿ ಕುರ್ಚಿ ಮುಟ್ಟಬಾರದು, ಆದರೆ ಇದು ನನಗೆಂದೇ ಇಟ್ಟ ಕುರ್ಚಿ, ನೋಡಿ ಎಂದು ಹೊಸಬರಿಗೆ ಹೇಳಿ, ವೆಂಡೆಲ್ ಹೆಮ್ಮೆಯಿಂದ ಇಳಿದು ಕುರ್ಚಿ ಎತ್ತಿದ.

ಮಗಳ ಬಾಣಂತನಕ್ಕೆಂದು ಮಾರ್ಚಿನಲ್ಲಿ ಅಟ್ಲಾಂಟಾಕ್ಕೆ ಹೋಗಿದ್ದ ಲೊರೇನ್ ಟಿಬ್ಸ್ ಹಿಂದಿನ ದಿನವಷ್ಟೇ ಮರಳಿದ್ದಳು. ಎದುರು ಮನೆಯ ಬಾಗಿಲು ತೆರೆಯಿತು. ಸಲಿಕೆ ಮೊದಲು ಹೊರಗೆ ಬಂತು.

"ಕುರ್ಚಿ ಕೆಳಗಿಡು ಮರೀ" ಎಂದಳು. "ಅದು ನಮ್ಮ ಡಾಕ್ಟ್ರ ಜಾಗ. ಪಾಪ, ಕಡ್ಡಿ ಹಾಗಿರ್ತಾರೆ ಅವ್ರು. ನಿನ್ನಂಥ ಉಂಡಾಡಿಗಲ್ಲ ನಾವು ಇಟ್ಟಿದ್ದು."